ಮುಪ್ಪಿನ ನಿಧಿ, ಕಂತು ಏಳು: ಥರ್ಮಾಸಿನ ಜಾಡು

ಫ್ರಿಜ್ಜಿನ ಬಾಗಿಲಿನ ಮೇಲಿನ ಗೂಡು ಖಾಲಿಯಿತ್ತು.

ವೈಜಯಂತಿ ಬಗ್ಗಿ ಒಳಗೆಲ್ಲ ಮತ್ತೊಮ್ಮೆ ಕಣ್ಣಾಡಿಸಿದಳು. ಮೊಸರಿನ ಪಾತ್ರೆ, ಕೋಕಂ ಶರಬತ್ತಿನ ಬಾಟಲಿ, ನೆರೆಮನೆಯವರು ತಂದಿಟ್ಟ ಅನ್ನದ ಡಬ್ಬಿ. ಅವಳು ಹುಡುಕುತ್ತಿದ್ದದ್ದು ಎಲ್ಲೂ ಇರಲಿಲ್ಲ.

"ನಾಗಶ್ರೀ, ಇಲ್ಲಿ ಬಾ ಸ್ವಲ್ಪ. ಮಂಗೇಶನ ಇನ್ಸುಲಿನ್ ಎಲ್ಲಿಡ್ತಿದ್ರಿ?"

"ಅಲ್ಲೇ ವೈಜಯಂತಿ ಬಾಯಿ, ಬಾಗಿಲಿನ ಗೂಡಲ್ಲಿ." ಮಂಗೇಶನ ಹೆಂಡತಿ ನಾಗಶ್ರೀ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಬಂದಳು. "ದೀಪಾವಳಿ ಆದ್ಮೇಲೆ ಹೊಸದು ತಂದಿಟ್ಟಿದ್ರು. ಎಂತಕ್ಕೆ?"

"ನೀನೇನಾದ್ರೂ ತೆಗೆದಿಟ್ಟಿದ್ದೀಯಾ?"

"ನಾನೆಂತಕ್ಕೆ ಮುಟ್ಲಿ? ಅವ್ರೇ ಚುಚ್ಕೊಳ್ಳೂದು, ಅವ್ರೇ ಇಟ್ಕೊಳ್ಳೂದು..."

ಮಾತಿನ ನಡುವೆಯೇ ಖಾಲಿ ಗೂಡು ಅವಳ ಕಣ್ಣಿಗೆ ಬಿತ್ತು.

ಹಬ್ಬುವಾಡದ ಆ ಮನೆ ನಾಲ್ಕು ದಿನದಿಂದ ಸೂತಕದ ಮನೆಯಂತಾಗಿತ್ತು. ಮೀನುಗಾರರ ಮುಪ್ಪಿನ ನಿಧಿಯನ್ನು ನೋಡಿಕೊಳ್ಳುತ್ತಿದ್ದ ಮಂಗೇಶ ತಾಂಡೇಲ ಗುರುವಾರ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಮರುದಿನ ಅವನ ಸ್ಕೂಟರ್ ಕಾಳಿ ಸೇತುವೆಯ ಮೇಲೆ ಸಿಕ್ಕಿತ್ತು. ನಿಧಿಯನ್ನೆಲ್ಲ ಷೇರಿಗೆ ಹಾಕಿ ಮುಳುಗಿಸಿದ, ಮುಖ ತೋರಿಸಲಾರದೆ ನದಿಗೆ ಹಾರಿದ ಎಂದು ಊರು ತೀರ್ಪು ಕೊಟ್ಟಾಗಿತ್ತು. ಕೋಡಿಬಾಗದ ದೋಣಿಗಳು ಅವನ ಹೆಣಕ್ಕಾಗಿ ಬಲೆ ಎಳೆಯುತ್ತಿದ್ದವು.

"ಮನೆಯಲ್ಲಿ ಥರ್ಮಾಸ್ ಇದೆಯಾ?" ವೈಜಯಂತಿ ಕೇಳಿದಳು.

ನಾಗಶ್ರೀ ಸ್ಟೂಲು ಹತ್ತಿ ಮೇಲಿನ ಹಲಗೆಯ ಮೇಲೆ ಕೈಯಾಡಿಸಿದಳು. ಡಬ್ಬಗಳನ್ನು ಸರಿಸಿ ನೋಡಿದಳು. ಅಲ್ಲಿಂದಲೇ ತಿರುಗಿದಳು.

"ಇಲ್ಲ ಬಾಯಿ. ಅಗಲ ಬಾಯಿದು, ಕೆಂಪು ಬಣ್ಣದ್ದು. ಇಲ್ಲೇ ಇತ್ತು."

"ಇಳಿ ಕೆಳಗೆ. ಕೂತ್ಕೋ. ಈಗ ನೀನೇ ಹೇಳು. ಸಾಯೋಕೆ ಹೊರಟವನು ತಿಂಗಳ ಔಷಧ ಕಟ್ಕೊಂಡು, ಅದು ಕೆಡಬಾರದು ಅಂತ ಥರ್ಮಾಸಿಗೆ ಐಸ್ ತುಂಬ್ಕೊಂಡು ಹೋಗ್ತಾನಾ?"

ನಾಗಶ್ರೀ ನೆಲದ ಮೇಲೇ ಕುಳಿತುಬಿಟ್ಟಳು. ಆಮೇಲೆ ಅಳು ಬಂತು. ಈ ನಾಲ್ಕು ದಿನ ಅತ್ತದ್ದಕ್ಕಿಂತ ಬೇರೆಯದೇ ಅಳು. ಅದರ ನಡುವೆಯೇ ಸಿಟ್ಟು ಬಂತು.

"ಬರ್ಲಿ ಅವ್ರು ಮನೆಗೆ! ನನ್ನ ಗಂಟಲಲ್ಲಿ ಒಂದಗಳು ಇಳೀಲಿಲ್ಲ ಗೊತ್ತುಂಟಾ?" ಕಣ್ಣೊರೆಸಿಕೊಂಡು ಕೈ ಚಾಚಿದಳು. "ಬಾಯಿ, ಆ ಅನ್ನದ ಡಬ್ಬಿ ಇತ್ಲಾಗೆ ಕೊಡಿ."

ವೈಜಯಂತಿ ಡಬ್ಬಿ ಕೊಟ್ಟು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. "ತಿನ್ನು. ಆದ್ರೆ ಹೊರಗೆ ಹೋಗುವಾಗ ಮುಖ ಮೊದಲಿನ ಹಾಗೇ ಇರಲಿ. ಅವನು ಬದುಕಿದ್ದಾನೆ ಅನ್ನೋದು ನಮ್ಮಿಬ್ಬರಲ್ಲೇ ಇರಬೇಕು. ಗುರುವಾರ ಎಲ್ಲಿಗೆ ಹೋಗ್ತೇನೆ ಅಂದಿದ್ದ?"

"ಅಂಕೋಲೆಗೆ. ವಿಕಾಸನ ಹತ್ರ ಒಂದು ಮಾತು ಕೇಳೂಕುಂಟು ಅಂದಿದ್ರು."

* * *

ಹುಲಿಯಾ ಹರಿಕಂತ್ರ ಜೀಪಿನಲ್ಲಿ ಕಾಯುತ್ತಿದ್ದ. ಮೀನುಗಾರರ ಸಂಘದ ಅಧ್ಯಕ್ಷ. ಈ ಪತ್ತೆಯ ಕೆಲಸಕ್ಕೆ ವೈಜಯಂತಿಯನ್ನು ಕರೆದವನೂ ಅವನೇ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಹದಿನೈದು ವರ್ಷ ಸವೆಸಿದ ಅವಳಿಗೆ ದುಡ್ಡಿನ ಸುತ್ತಲಿನ ಸುಳ್ಳುಗಳ ವಾಸನೆ ಬೇಗ ತಿಳಿಯುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಬೆಳಗಿನಿಂದ ಇಬ್ಬರೂ ಒಂದೇ ದೋಣಿಯಲ್ಲಿ ಕಾಳಿಯ ಮೇಲೆ ಅಲೆದಿದ್ದರು. ಅವನ ಅಂಗಿಯ ತೋಳು ಇನ್ನೂ ಒದ್ದೆಯಿತ್ತು. ಅವನಿಗೊಬ್ಬನಿಗೆ ಮಾತ್ರ ವೈಜಯಂತಿ ಥರ್ಮಾಸಿನ ವಿಷಯ ಹೇಳಿದಳು.

"ಬದುಕಿದ್ದಾನಾ?" ಸುದ್ದಿ ಕೇಳಿ ಅವನು ಎರಡೂ ಕೈ ಎತ್ತಿ ಮುಗಿದ. ಮರುಗಳಿಗೆಯೇ ಮುಖ ಬಾಡಿತು. "ಹಂಗಾರೆ ದುಡ್ಡು ತಕೊಂಡು ಓಡಿದ್ನಾ ಬಾಯಿ? ಫಂಡಿನ ಮುಂಬೈ ಆಪೀಸಿನವ್ರು ನಂಗೆ ಎಂತದೂ ಹೇಳೂದಿಲ್ಲ. ವಿವರ ಬೇಕಾದ್ರೆ ಮಂಗೇಶನೇ ಕೇಳ್ಬೇಕಂತೆ."

"ಅದನ್ನೇ ನೋಡೋಣ. ಅಂಕೋಲೆಗೆ ನಡೀರಿ."

ವಿಕಾಸ ನಾಯಕನ ಕಚೇರಿ ಅಂಕೋಲೆಯ ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಾಳಿಗೆಯಲ್ಲಿತ್ತು. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಎರಡು ಮೊಬೈಲು, ಗೋಡೆಯಲ್ಲಿ ನಗುವ ಅಜ್ಜ ಅಜ್ಜಿಯರ ದೊಡ್ಡ ಚಿತ್ರ. ಪಿಂಚಣಿ ಯೋಜನೆಗಳನ್ನು ಮಾರುವುದು ಅವನ ಕಸುಬು.

"ಮಂಗೇಶನ ಸುದ್ದಿ ಕೇಳಿ ನಂಗೆ ನಿದ್ದೆನೇ ಇಲ್ಲ ಬಾಯಿ."

"ಬುಧವಾರ ಸಂಘದ ಸಭೆಯಲ್ಲಿ ನಿಮ್ಮ ಯೋಜನೆ ಮುಂದಿಡ್ತೀರಂತೆ."

"ಇಡ್ಲೇಬೇಕಲ್ಲ? ನಿಧಿ ಪೂರ್ತಿ ಷೇರಿನಲ್ಲಿ ಕೂತಿದೆ. ಜನವರಿಯಲ್ಲಿ ಇಪ್ಪತ್ತೊಂದು ಸಾವಿರ ಮುಟ್ಟಿದ ಸೂಚ್ಯಂಕ ಈಗ ಒಂಬತ್ತರ ಹತ್ರ ಒದ್ದಾಡ್ತಾ ಇದೆ. ಅಂದ್ರೆ ಅರ್ಧಕ್ಕಿಂತ ಹೆಚ್ಚು ಹೋಯ್ತು. ಉಳಿದದ್ದನ್ನಾದ್ರೂ ನನ್ನ ಕಂಪನಿಗೆ ಹಾಕಿ. ಮಾರುಕಟ್ಟೆ ಏಳುವಾಗ ಜೊತೆಗೆ ಏಳ್ತದೆ."

ಅರ್ಧಕ್ಕಿಂತ ಹೆಚ್ಚು ಎಂಬ ಮಾತಿಗೆ ಹುಲಿಯಾ ಕಣ್ಣು ಮುಚ್ಚಿಕೊಂಡ. ಮೂವತ್ತು ವರ್ಷ ಸಮುದ್ರಕ್ಕೆ ಹೋದವರ, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸರ ಉಳಿತಾಯ ಅದು. ಅವರಿಗೆ ಬೇರೆ ಪಿಂಚಣಿ ಇಲ್ಲ.

ವೈಜಯಂತಿ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

"ನಿಮ್ಮ ಯೋಜನೆಗೆ ನೂರು ರೂಪಾಯಿ ಕಟ್ಟಿದ್ರೆ, ಮೊದಲ ವರ್ಷ ಅದರಲ್ಲಿ ಎಷ್ಟು ಹೂಡಿಕೆಗೆ ಹೋಗುತ್ತೆ?"

"ಇದು ದೂರಕ್ಕೆ ನೋಡೋ ಯೋಜನೆ ಬಾಯಿ, ಹಾಗೆಲ್ಲ..."

"ಎಷ್ಟು?"

ವಿಕಾಸ ಒಂದು ಮೊಬೈಲನ್ನು ತಿರುಗಿಸಿಟ್ಟ. "ಅರವತ್ತೈದು."

"ಉಳಿದ ಮೂವತ್ತೈದು?"

"ಆರಂಭದ ಶುಲ್ಕ. ಎಲ್ಲಾ ಕಡೆ ಹಿಂಗೇ ಇರ್ತದೆ."

"ನಿಮ್ಮ ಕಮಿಷನ್ ಅದರಲ್ಲೇ ಬರುತ್ತೆ. ಆಮೇಲೆ ವರ್ಷವರ್ಷವೂ?"

"ನಿರ್ವಹಣೆಗೆ ನೂರಕ್ಕೆ ಎರಡು. ತಿಂಗಳಿಗೊಂದು ಸಣ್ಣ ಶುಲ್ಕ ಬೇರೆ."

"ಮಂಗೇಶ ಆರಿಸಿದ ಫಂಡಿಗೆ?"

"ನೂರಕ್ಕೆ ಒಂದೂ ಇಲ್ಲ." ವಿಕಾಸನ ಸ್ವರ ಏರಿತು. "ಸೋವಿ ಅಂತ ಅಲ್ಲಿ ಹಾಕಿ ಏನಾಯ್ತು ನೋಡಿದ್ರಲ್ಲ!"

"ನಂಗೆ ಐವತ್ತೆಂಟು," ಹುಲಿಯಾ ಮೆಲ್ಲಗೆ ಬಾಯಿ ತೆರೆದ. "ಅರವತ್ತಕ್ಕೆ ದೋಣಿ ಬಿಡೂದು ಅಂತ ಮಾಡ್ಕಂಡಿದ್ದೆ. ಎರಡು ವರ್ಷದಲ್ಲಿ ಆ ಮೂವತ್ತೈದು ವಾಪಸ್ ಬತ್ತದ್ಯಾ ತಮ್ಮ?"

ವಿಕಾಸ ಇನ್ನೊಂದು ಮೊಬೈಲನ್ನೂ ತಿರುಗಿಸಿಟ್ಟ.

"ಗುರುವಾರ ಮಂಗೇಶ ಇಲ್ಲಿ ಬಂದಿದ್ದ," ವೈಜಯಂತಿ ಎಂದಳು. "ಜಗಳ ಆಯ್ತು."

ಗಾಳದ ಮಾತು ಅದು. ಜಗಳದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ವಿಕಾಸ ಎದ್ದು ನಿಂತ.

"ಅವನೇ ಜಗಳ ತೆಗೆದದ್ದು! ನಾನು ಯಾರಿಂದಲೋ ಫೋನ್ ಮಾಡಿಸಿ ಹೆದರಿಸ್ತಿದ್ದೇನಂತೆ. ನಾನು ದೇವರಾಣೆ ಹಾಕಿದ್ರೂ ನಂಬ್ಲಿಲ್ಲ. ಇಳಿದು ಹೋದ. ಸ್ಕೂಟರ್ ಅಲ್ಲೇ ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಕಾರವಾರದ ಟೆಂಪೋ ಹತ್ತಿದ. ಈ ಕಿಟಕಿಯಿಂದ ನಾನೇ ನೋಡಿದ್ದು."

"ಸ್ಕೂಟರ್ ಇಲ್ಲೇ ಬಿಟ್ಟು?"

"ಹೌದು."

"ಮತ್ತೆ ಅದು ಕಾಳಿ ಸೇತುವೆಗೆ ಹೋದದ್ದು ಹೇಗೆ?"

ವಿಕಾಸ ಕಿಟಕಿಯ ಕಡೆ ನೋಡಿದ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು. "ಅವ್ನೇ ವಾಪಸ್ ಬಂದು ತಕೊಂಡು ಹೋದ ಅಂದ್ಕೊಂಡೆ. ಯಾರ ಹತ್ರಾನೂ ಹೇಳ್ಲಿಲ್ಲ. ಕೊನೇಲಿ ಜಗಳ ಆಡಿದವ ನಾನೇ ಅಂತ ಆಗ್ತದಲ್ಲ ಬಾಯಿ."

ಸುಳ್ಳುಗಾರನ ಹೆದರಿಕೆ ಹೇಗಿರುತ್ತದೆಂದು ವೈಜಯಂತಿಗೆ ಗೊತ್ತು. ಇದು ಅದಲ್ಲ. ಈ ಮನುಷ್ಯ ದುರಾಸೆಯವನು, ಅಷ್ಟೇ.

* * *

ಕೆಳಗೆ ಬೀದಿಯಲ್ಲಿ ಅವಳು ಜೀಪು ಹತ್ತದೆ ನಿಂತಳು.

"ಹುಲಿಯಣ್ಣ, ಥರ್ಮಾಸಿನ ಐಸು ಹೆಚ್ಚೆಂದರೆ ಒಂದು ದಿನ. ಆಮೇಲೆ ಅವನಿಗೆ ಮತ್ತೆ ಐಸು ಬೇಕು, ದಿನಾ ಬೇಕು. ಕಾರವಾರದ ದಾರಿಯಲ್ಲಿ ಅವನ ನೆಂಟರು ಯಾರು?"

"ಎಲ್ಲಾರ ಮನೆಗೂ ಹೋಗಿ ಕೇಳಿ ಆಯ್ತಲ್ಲ. ಬೇಲೆಕೇರಿ, ಅಮದಳ್ಳಿ..."

"ಕೇಳದೆ ಬಿಟ್ಟ ಮನೆ?"

ಹುಲಿಯಾ ತಲೆ ಕೆರೆದುಕೊಂಡ. "ಅವರ್ಸಾದ ಗಂಗೂದು ಒಂದು. ಇವ್ನ ಅಪ್ಪನ ತಂಗಿ. ತೆಂಗಿನ ಹಿತ್ಲದ ಸಂಬಂಧ ಜಗಳ ಆಗಿ ವರ್ಷ ಎಷ್ಟಾಯ್ತೋ, ಮಾತಿಲ್ಲ ಕತೆಯಿಲ್ಲ. ಅವ್ಳು ಇವ್ನ ನೆರಳೂ ಕಾಣೂಕಾಗ್ದು. ಮೀನು ವ್ಯಾಪಾರ ಮಾಡ್ಕಂಡು..." ಅವನ ಬಾಯಿ ತೆರೆದಂತೆಯೇ ಉಳಿಯಿತು. "ದಿನಾ ಐಸ್ ಪೆಟ್ಟಿಗೆ ಬತ್ತದೆ ಬಾಯಿ ಆ ಮನೆಗೆ!"

ನಾಲ್ಕು ದಿನದಲ್ಲಿ ಮೊದಲ ಸಲ ವೈಜಯಂತಿ ನಕ್ಕಳು.

ಅವರ್ಸಾದಲ್ಲಿ ಗಂಗೂ ಬಾವಿಕಟ್ಟೆಯ ಹತ್ತಿರ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. ಹುಲಿಯಾನನ್ನು ಕಂಡದ್ದೇ ಬಾಯಿ ಮಾಡತೊಡಗಿದಳು.

"ಆ ಮನೆಯವ್ರ ಹೆಸ್ರು ಇಲ್ಲಿ ಎತ್ತೂಕಿಲ್ಲ! ಸತ್ರೂ ನಂಗೆ ಹೇಳೂಕೆ ಬರೂದು ಬ್ಯಾಡ!"

"ಸುಮ್ನಿರೇ ಮಾರಾಯ್ತಿ. ಇವ್ರು ಕಾರವಾರದ ವೈಜಯಂತಿ ಬಾಯಿ."

ಗಂಗೂ ಸಟ್ಟನೆ ತಣ್ಣಗಾದಳು. ಕೈ ತೊಳೆದುಕೊಂಡು ಎದ್ದಳು. "ಮೊದ್ಲೇ ಹೇಳೂಕೆ ಎಂತ ಆಗಿತ್ತು? ಬನ್ನಿ ಬಾಯಿ, ಒಳಗೆ ಬನ್ನಿ." ಹಿತ್ತಲಿನ ಸೌದೆ ಕೊಟ್ಟಿಗೆಯ ಕಡೆ ತಿರುಗಿ ಕೂಗಿದಳು. "ಮಂಗೇಶಾ, ಬಾ ಹೊರಗೆ! ನಮ್ಮವ್ರೇ."

ತನ್ನ ಹೆಸರು ಇಷ್ಟು ದೂರ ಮುಟ್ಟಿದೆಯೇ ಎಂದು ವೈಜಯಂತಿಗೆ ಸಣ್ಣ ಅಚ್ಚರಿಯಾಯಿತು. ಅದನ್ನು ಯೋಚಿಸುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಗಡ್ಡ ಬೆಳೆದ, ಕೂದಲಿಗೆ ತೆಂಗಿನ ನಾರು ಅಂಟಿಸಿಕೊಂಡ ಮಂಗೇಶ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ ಹೊರಬಂದ.

ಹುಲಿಯಾ ನೇರ ಹೋಗಿ ಅವನ ಬೆನ್ನಿಗೊಂದು ಗುದ್ದಿದ. ಆಮೇಲೆ ಅದೇ ಕೈಯಿಂದ ಬಾಚಿ ತಬ್ಬಿಕೊಂಡ.

"ನಿನ್ನ ಹೆಣಕ್ಕೆ ಬಲೆ ಎಳೆದು ಎಳೆದು ನನ್ನ ಕೈ ಬೊಬ್ಬೆ ಬಂತಲ್ಲೋ!" ಅವನ ಭುಜ ಹಿಡಿದು ಮುಖ ನೋಡಿದ. "ದುಡ್ಡು? ಎಲ್ಲಾ ಹೋಯ್ತಾ ಮಂಗೇಶಾ?"

"ಯಾವ್ದು ಹೋಯ್ತು? ಹಿರಿಯರ ಪಾಲು ಪೂರ್ತಿ ಇದೆ ಹುಲಿಯಣ್ಣ. ಮೇಲಿಂದ ಸ್ವಲ್ಪ ಬೆಳೆದಿದೆ."

ಹುಲಿಯಾ ಜಗಲಿಯ ಮೇಲೆ ಕುಳಿತ.

ಮಂಗೇಶ ಅವನ ಪಕ್ಕದಲ್ಲೇ ಕುಳಿತು ಹೇಳಿದ. "ಜನವರಿಯಲ್ಲಿ ಒಂದಿನ ಸದಸ್ಯರ ವಯಸ್ಸು ನೋಡ್ತಾ ಕೂತೆ. ಹೆಚ್ಚಿನವ್ರು ಐವತ್ತೈದು ದಾಟಿದವ್ರು. ಷೇರು ಒಮ್ಮೆ ಬಿದ್ರೆ ಏಳೂಕೆ ಐದೋ ಎಂಟೋ ವರ್ಷ ಬೇಕು. ಮೂವತ್ತರವರು ಕಾಯ್ತಾರೆ. ನೀವೆಲ್ಲ ಹೆಂಗೆ ಕಾಯೂದು? ಅದಕ್ಕೇ ಹಿರಿಯರ ಪಾಲನ್ನೆಲ್ಲ ಷೇರಿಂದ ತೆಗೆದು ಸರ್ಕಾರಿ ಬಾಂಡಿನ ಫಂಡಿಗೆ ಹಾಕ್ದೆ. ಹರೆಯದವ್ರ ಪಾಲು ಮಾತ್ರ ಷೇರಲ್ಲೇ ಇದೆ. ಅದು ಬಿದ್ದಿದೆ, ಸುಳ್ಳು ಹೇಳೂದಿಲ್ಲ. ಅವ್ರಿಗೆ ಇನ್ನೂ ಇಪ್ಪತ್ತು ವರ್ಷ ಉಂಟು."

"ಒಂದು ಮಾತು ಹೇಳೂಕಾಗ್ಲಿಲ್ಯಾ?"

"ಷೇರು ದಿನಾ ಏರ್ತಿದ್ದಾಗ ಹೇಳಿದ್ರೆ ಕಲ್ಲು ಹೊಡೀತಿದ್ರಿ. ಬಿದ್ದ ಮೇಲೆ ಹೇಳಿದ್ರೆ ನಮ್ಮ ಪಾಲು ಎಂತಕ್ಕೆ ತೆಗೀಲಿಲ್ಲ ಅಂತ ಹರೆಯದವ್ರು ಹೊಡೀತಿದ್ರು. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಮಾಡ್ಲಿಲ್ಲ. ಮುಂಬೈಯವ್ರು ಫೋನ್ ಮಾಡಿದಾಗ ನೀವೇ ಗುಪ್ತಪದ ಹೇಳಿ 'ಹೂಂ' ಅಂದ್ರಲ್ಲ."

"ಎಂತಕ್ಕೆ ಹೂಂ ಅಂದೆ ಅಂತ ನಂಗೆಲ್ಲಿ ನೆನಪು ಮಾರಾಯ! ಅವತ್ತು ಬಲೆ ತುಂಬ ಬಾಂಗಡೆ ಮೀನು ಬಿದ್ದಿತ್ತು."

ಮೊದಲು ನಕ್ಕದ್ದು ಗಂಗೂ. ಆಮೇಲೆ ಹುಲಿಯಾ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅಡಗಿದ್ದೇಕೆ ಎಂದು ವೈಜಯಂತಿ ಕೇಳಿದಳು. ಎರಡು ವಾರದಿಂದ ಅವನಿಗೆ ಫೋನ್ ಬರುತ್ತಿತ್ತು. ಬಾಂಡು ಮಾರಿ ಹಣವನ್ನು ವಿಕಾಸನ ಯೋಜನೆಗೆ ವರ್ಗಾಯಿಸು, ಇಲ್ಲದಿದ್ದರೆ ಸೇತುವೆ ದಾಟುವಾಗ ಹುಷಾರು ಎಂದು ಒಂದು ಗಂಡಸಿನ ಸ್ವರ ಹೇಳುತ್ತಿತ್ತು. ನಿಧಿಯಿಂದ ಏನೇ ಮಾರಬೇಕಾದರೂ ನಿರ್ವಾಹಕ, ಅಧ್ಯಕ್ಷ ಇಬ್ಬರೂ ಫೋನಿನಲ್ಲಿ ಗುಪ್ತಪದ ಹೇಳಿ ಒಪ್ಪಬೇಕು. ತಾನು ಯಾರ ಕೈಗೂ ಸಿಗದಿದ್ದರೆ ನಿಧಿ ಅಲ್ಲಾಡುವುದಿಲ್ಲ. ಬುಧವಾರದ ಸಭೆಯಲ್ಲಿ ಎಲ್ಲರೆದುರು ಒಮ್ಮೆಲೇ ಹೊರಬಂದು ಹೇಳಿಬಿಡುತ್ತೇನೆ ಎಂಬುದು ಮಂಗೇಶನ ಲೆಕ್ಕ.

"ಹೆಂಡ್ತಿಗೆ?"

"ಅವ್ಳಿಗೆ ಗೊತ್ತಿದ್ರೆ ಅವ್ಳನ್ನೇ ಹೆದರಿಸ್ತಿದ್ರು." ಅವನು ತಲೆ ತಗ್ಗಿಸಿದ. "ಸ್ಕೂಟರ್ ಸೇತುವೆ ಮೇಲೆ ಸಿಕ್ತು ಅಂತ ಅತ್ತೆ ಹೇಳಿದಾಗ ನಂಗೇ ಹೆದ್ರಿಕೆ ಆಯ್ತು. ನಾನು ಅಂಕೋಲೆಯಲ್ಲಿ ಬಿಟ್ಟಿದ್ದು ಅದನ್ನ."

ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಗಂಗೂಳ ಮನೆಯ ನಡುಕೋಣೆಯಲ್ಲಿ ಫೋನಿತ್ತು. ಮಂಗೇಶ ಮೊದಲು ಹಬ್ಬುವಾಡಕ್ಕೆ ಮಾಡಿದ. ನಾಗಶ್ರೀ ಬೈದದ್ದು ಜಗಲಿಯವರೆಗೂ ಕೇಳಿಸಿತು. ಅವನು ಒಂದಕ್ಷರ ಎದುರಾಡದೆ, ಮುಖವೆಲ್ಲ ಅರಳಿಸಿಕೊಂಡು ಕೇಳುತ್ತ ನಿಂತಿದ್ದ.

ಆಮೇಲೆ ವೈಜಯಂತಿಯ ಒತ್ತಾಯಕ್ಕೆ ಮುಂಬೈ ಕಚೇರಿಗೆ ಮಾಡಿದ. ನಿಧಿ ಸುರಕ್ಷಿತ ಎಂದು ಅವಳ ಕಿವಿಗೂ ಒಮ್ಮೆ ಬೀಳಲಿ ಎಂದು ರಿಸೀವರನ್ನು ಇಬ್ಬರ ನಡುವೆ ಹಿಡಿದ.

"ಮಂಗೇಶ್ ಸರ್?" ಆ ಕಡೆಯ ಹುಡುಗಿ ಹಿಂದಿಯಲ್ಲಿ ಕೇಳಿದಳು. "ಬೆಳಿಗ್ಗೆಯೇ ಮಾತಾಡಿದಿರಲ್ಲ? ನೀವು ಹೇಳಿದಂತೆ ಬಾಂಡ್ ಫಂಡ್ ಪೂರ್ತಿ ಮಾರಾಟಕ್ಕೆ ಹಾಕಿದ್ದೇವೆ. ಅಧ್ಯಕ್ಷರೂ ಮಾತಾಡಿ ಒಪ್ಪಿದರು. ಇದೇ ನಂಬರಿನಿಂದ. ಇಬ್ಬರೂ ಗುಪ್ತಪದ ಸರಿಯಾಗಿಯೇ ಹೇಳಿದಿರಿ."

ಹುಲಿಯಾ ಬೆಳಗಿನಿಂದ ವೈಜಯಂತಿಯ ಕಣ್ಣೆದುರೇ ಇದ್ದ. ಅವನು ಫೋನ್ ಮಾಡಿಲ್ಲ ಎಂಬುದಕ್ಕೆ ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ರಿಸೀವರ್ ಕಿತ್ತುಕೊಂಡಳು.

"ಮಾರಾಟ ಆಗಿದೆಯಾ?"

"ಮೂರು ಗಂಟೆಗೆ ಆಗುತ್ತೆ ಮೇಡಂ."

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಉಳಿದಿತ್ತು.

"ಬೆಳಿಗ್ಗೆ ಮಾತಾಡಿದವರು ಇವರಲ್ಲ. ನಿಲ್ಲಿಸಿ."

ಹುಡುಗಿ ಮೇಲಿನವರನ್ನು ಕರೆದಳು. ಮೇಲಿನವನು ಮಂಗೇಶನನ್ನು ಪ್ರಶ್ನೆ ಕೇಳಿದ, ಹುಲಿಯಾನನ್ನು ಕೇಳಿದ. ಹುಲಿಯಾ ತನ್ನ ತಾಯಿಯ ಹೆಸರು ಬೊಮ್ಮು ಎಂದು ಮೂರು ಸಲ ಕೂಗಿ ಹೇಳಿದ. ಬೆವರು ಅವನ ಗದ್ದದಿಂದ ಇಳಿಯುತ್ತಿತ್ತು. ಕೊನೆಗೆ ಆ ಕಡೆಯ ಸ್ವರ ಹೇಳಿತು: "ಯಾವ ದನಿ ನಿಜ ಎಂದು ನಾವು ಹೇಳಲಾರೆವು. ಮಾರಾಟ ರದ್ದು ಮಾಡಿದ್ದೇವೆ. ನೀವಿಬ್ಬರೂ ಖುದ್ದಾಗಿ ಪಣಜಿ ಶಾಖೆಗೆ ಬರುವವರೆಗೆ ನಿಧಿಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ."

ಹುಲಿಯಾ ಕಂಬಕ್ಕೊರಗಿ ದೀರ್ಘವಾಗಿ ಉಸಿರು ಬಿಟ್ಟ. "ಗಂಗೂ, ಗಂಜಿ ಇದ್ರೆ ಹಾಕೇ. ಇನ್ನು ಉಂಡ್ರೆ ಮೈಗೆ ಹತ್ತುತ್ತದೆ."

ಗಂಜಿ ಬಂತು, ಹುರಿದ ತಾರ್ಲೆ ಮೀನು ಬಂತು. ವೈಜಯಂತಿಯೂ ಉಂಡಳು. ಮನುಷ್ಯ ಬದುಕಿದ್ದಾನೆ, ಹಣ ಉಳಿದಿದೆ. ಇಷ್ಟು ಹಗುರಾದ ಮನಸ್ಸಿನಿಂದ ಅವಳು ಉಂಡು ಎಷ್ಟೋ ದಿನವಾಗಿತ್ತು. ಉಣ್ಣುತ್ತಲೇ ಅವಳ ತಲೆ ಕೆಲಸ ಮಾಡತೊಡಗಿತು.

ವಿಕಾಸ ಇವತ್ತು ಮಧ್ಯಾಹ್ನದವರೆಗೂ ನಿಧಿ ಷೇರಿನಲ್ಲಿದೆ ಎಂದೇ ನಂಬಿದ್ದ. ಬೆಳಿಗ್ಗೆ ಫೋನ್ ಮಾಡಿದವನಿಗೆ ಬಾಂಡಿನ ವಿಷಯ ಗೊತ್ತಿತ್ತು. ಹಾಗಾದರೆ ವಿಕಾಸನಲ್ಲ.

"ಗುಪ್ತಪದ ಯಾರ್ಯಾರಿಗೆ ಗೊತ್ತು ಮಂಗೇಶ?"

"ಸಂಘದ ಸಮಿತಿಯ ಐದು ಜನಕ್ಕೆ. ನಾವಿಬ್ರೂ ಸೇರಿ."

ಒಳಗಿನವನೇ. ಸ್ಕೂಟರನ್ನು ಸೇತುವೆಗೆ ಸಾಗಿಸಿದವನೂ ಅವನೇ ಇರಬೇಕು. ಸತ್ತಂತೆ ನಟಿಸಿ, ಅತ್ತೆಯ ಮನೆಯಲ್ಲಿ ಅಡಗಿ, ಅಲ್ಲಿಂದಲೇ ಫೋನ್ ಮಾಡಿ ಮಂಗೇಶ ನಿಧಿಯನ್ನು ಸಾಗಿಸಿದ ಎಂದು ನಾಳೆ ಊರೆಲ್ಲ ನಂಬುವಂತೆ ಹೆಣೆದ ಬಲೆ.

"ಗಂಗೂ ಅತ್ತೆ, ಬೆಳಿಗ್ಗೆ ಈ ಫೋನ್ ಮುಟ್ಟಿದವರು ಯಾರು?"

"ಪೋನ್ ರಿಪೇರಿಯವ್ನು ಬಂದಿದ್ದ. ಹೊರಗಿನವ್ರು ಬಂದ್ರೆ ಇವ್ನು ಕೊಟ್ಟಿಗೆ ಸೇರ್ಕಳ್ಳೂದು, ನಾನು ಬಾವಿ ಹತ್ರ ಮೀನು ಹೆರೀತಿದ್ದೆ. ಸುಮಾರು ಹೊತ್ತು ಒಳಗೇ ಇದ್ದ. ಒಳ್ಳೇ ಮಾತಿನ ಮನ್ಸ."

"ಫೋನ್ ಕೆಟ್ಟಿತ್ತಾ? ನೀವು ಕರೆಸಿದ್ರಾ?"

"ನಾನೆಂತಕ್ಕೆ ಕರೆಸ್ಲಿ?" ಗಂಗೂ ಗಂಜಿಯ ಸೌಟು ಹಿಡಿದೇ ಅವಳ ಮುಖ ನೋಡಿದಳು. "ನೀವೇ ಅಲ್ದಾ ಕಳ್ಸಿದ್ದು? ಕಾರವಾರದ ವೈಜಯಂತಿ ಬಾಯಿ ಮಧ್ಯಾಹ್ನ ಇಲ್ಲಿಗೆ ಬತ್ತ್ರು, ಅವ್ರು ನಿಮ್ಮ ಕಡೆಯವ್ರೇ, ಅವ್ರಿಗೆ ಪೋನ್ ಬೇಕಾಗ್ತದೆ, ಸರಿ ಮಾಡಿಡು ಅಂದ್ರು ಅಂತ ಹೇಳ್ದ. ಇವ್ನಿಗೆ ಹೇಳಿದ್ರೆ ಹೆದ್ರಿ ಮತ್ತೆಲ್ಲಿಗೋ ಓಡ್ತ ಅಂತ ನಾನು ಬಾಯಿ ಬಿಡ್ಲಿಲ್ಲ."

ವೈಜಯಂತಿಯ ಕೈಯ ತುತ್ತು ಹಾಗೇ ನಿಂತಿತು.

ಆ ಹೊತ್ತಿಗೆ ಅವಳು ಕಾಳಿಯ ನಡುನೀರಿನಲ್ಲಿದ್ದಳು, ಮಂಗೇಶ ಸತ್ತಿದ್ದಾನೆಂದೇ ನಂಬಿ. ತಾನು ಅವರ್ಸಾಕ್ಕೆ ಬರುತ್ತೇನೆಂದು ಆಗ ಅವಳಿಗೇ ಗೊತ್ತಿರಲಿಲ್ಲ.